ಬೋಜಮ್ಮ ಆಂಟಿಯ ಟೆಸ್ಟ್ ಡೋಸ್

ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತಿದ್ದ ನನ್ನ ಪ್ರೊಫೆಸರಿಗೆ, "ಒಳಗೆ ಬರಬೇಡಿ, ಈಗಷ್ಟೇ ನೆಲ ಒರೆಸಿದ್ದೇನೆ" ಎಂದು ಹೇಳಿ, ಅವರ ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತ ನಿಂತ ಹೆಂಗಸನ್ನು ನೀವು ಏನೆಂದು ಕರೆಯುತ್ತೀರೋ ನನಗೆ ಗೊತ್ತಿಲ್ಲ. ನಾನು ಆಂಟಿ ಎಂದು ಕರೆಯುತ್ತಿದ್ದೆ. ಬೋಜಮ್ಮ ಆಂಟಿ. ನೆಲ ಒರೆಸಿ ಮೂರು ದಿನವಾಗಿತ್ತು.

ಬಸ್ಸು ಸಿಗದ ನನ್ನನ್ನು ಪಾಪ ತಮ್ಮ ಕಾರಿನಲ್ಲಿ ಕರೆತಂದು, ನಾನು ಅದರಲ್ಲೇ ಮರೆತ ಚೀಲವನ್ನು ಎರಡು ಮಹಡಿ ಹತ್ತಿ ಕೊಡಲು ಬಂದಿದ್ದ ಮನುಷ್ಯ ಅವರು. "ಸಾರಿ, ಸಾರಿ" ಎನ್ನುತ್ತ ಚೀಲವನ್ನು ಹೊಸ್ತಿಲ ಆಚೆಯೇ ಇಟ್ಟು ಇಳಿದು ಹೋದರು. ಆಂಟಿ ಬಾಗಿಲು ಹಾಕಿ, "ಕೆಂಪಿಲ್ಲ. ಒಳ್ಳೆ ಮನುಷ್ಯ. ಇವರ ಹತ್ತಿರ ಧೈರ್ಯವಾಗಿ ಓದು" ಎಂದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮರುದಿನ ಲ್ಯಾಬಿನಲ್ಲಿ ಪ್ರೊಫೆಸರು, ನಿಮ್ಮ ಮನೆಯವರಿಗೆ ನನ್ನ ಮೇಲೆ ಏನಾದರೂ ಕೋಪವೇ ಎಂದು ಕೇಳಿದರು. ಏನು ಹೇಳಲಿ? ಪರೀಕ್ಷೆಯಲ್ಲಿ ನೀವು ಪಾಸಾಗಿದ್ದೀರಿ ಸರ್ ಎನ್ನಲೇ?

ಇದು ಎರಡು ಸಾವಿರದ ಐದನೇ ಇಸವಿಯ ಮಾತು. ನಾನು ಲೀಲಾ, ಹಾಸನದವಳು. ದೆಹಲಿಯ ಹೌಜ್ ಖಾಸ್ ಪಕ್ಕದ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಎಂ.ಟೆಕ್ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ದೆಹಲಿಯೆಂದರೆ ಅಪ್ಪನಿಗೆ ಪತ್ರಿಕೆಯ ಅಪರಾಧದ ಪುಟ. "ಕಳಿಸ್ತೀನಿ. ಆದ್ರೆ ಒಂದೇ ಒಂದು ಎಡವಟ್ಟಾಯ್ತು ಅಂದ್ರೂ ಗಂಟುಮೂಟೆ ಕಟ್ಕೊಂಡು ವಾಪಸ್ ಬರಬೇಕು, ಓದು ಗೀದು ಎಲ್ಲಾ ಬಂದ್" ಎಂದು ಷರತ್ತು ಹಾಕಿ ರೈಲು ಹತ್ತಿಸಿದ್ದರು. ಡಿಗ್ರಿ ಇಲ್ಲದೆ ವಾಪಸ್ ಹೋಗುವುದು ನನಗೆ ಬೇಕಿರಲಿಲ್ಲ. ಹೋದರೆ ಮುಂದೇನು ಎಂಬುದು ನನ್ನ ಅತ್ತೆಯಂದಿರು ಆಗಲೇ ನಾಲ್ಕು ಜಾತಕ ತರಿಸಿಟ್ಟಿದ್ದರಿಂದ ಸ್ಪಷ್ಟವಾಗಿತ್ತು.

ಬೋಜಮ್ಮ ಆಂಟಿ ಮಡಿಕೇರಿ ಕಡೆಯವರು. ಸೇನೆಯ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ನರ್ಸಾಗಿದ್ದು, ಮೇಜರ್ ಆಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಹೌಜ್ ಖಾಸ್‌ನಲ್ಲಿ ಎರಡನೇ ಮಹಡಿಯ ಫ್ಲ್ಯಾಟು, ಅದರಲ್ಲಿ ಒಂದು ಕೋಣೆ ಕರ್ನಾಟಕದ ಹುಡುಗಿಯರಿಗೆ. ತರಕಾರಿ ಭಯ್ಯಾ ಕೂಡ ಕೆಳಗಿನಿಂದ "ಮೇಜರ್ ಸಾಬ್, ಭಿಂಡಿ" ಎಂದು ಕೂಗುತ್ತಿದ್ದ. ಕೋಣೆಯಲ್ಲಿ ನನ್ನ ಜೊತೆ ಹಂಸಿನಿ ಇದ್ದಳು. ಅವಳ ಅಪ್ಪ ಅಮ್ಮ ದೆಹಲಿಯ ಇನ್ನೊಂದು ತುದಿಯ ಪೀತಮ್‌ಪುರದಲ್ಲೇ ಇದ್ದರೂ ಅಲ್ಲಿಂದ ಕಾಲೇಜಿಗೆ ಎರಡು ಗಂಟೆ ಬಸ್ಸೆಂದು ಇಲ್ಲಿದ್ದಳು. ದೆಹಲಿಯಲ್ಲೇ ಬೆಳೆದ ಹುಡುಗಿ, ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಹಿಂದಿಯಲ್ಲಿ ಮುಗಿಸುತ್ತಿದ್ದಳು.

ಇನ್ನು ಕೆಂಪಿನ ವಿಷಯ. ಪೆನಿಸಿಲಿನ್ ಚುಚ್ಚುವ ಮೊದಲು ನರ್ಸು ಮುಂಗೈ ಚರ್ಮದಡಿ ಒಂದು ಹನಿ ಔಷಧಿ ಹಾಕಿ, ಸುತ್ತ ಬಾಲ್ ಪೆನ್ನಿನಿಂದ ವೃತ್ತ ಬರೆದು ಕಾಯುತ್ತಾಳಲ್ಲ, ಅದೇ ಟೆಸ್ಟ್ ಡೋಸ್. ಕೆಂಪಾಗಿ ಊದಿಕೊಂಡರೆ ಆ ಔಷಧಿ ಆ ಮೈಗೆ ಅಪಾಯ. ಆಂಟಿ ಇದನ್ನೇ ಮನುಷ್ಯರಿಗೆ ಮಾಡುತ್ತಿದ್ದರು. ಹೊಸಬ ಯಾರೇ ಬರಲಿ, ಅವನಿಗೆ ಒಂದು ಸಣ್ಣ "ಬೇಡ" ಹೇಳುವುದು. ಯಾರಿಗೂ ನಷ್ಟವಿಲ್ಲದ, ಒಂದು ಹನಿಯಷ್ಟು "ಬೇಡ". ಆಮೇಲೆ ಮುಖ ನೋಡುತ್ತ ಕಾಯುವುದು. ಕೇಳಿಸಿಕೊಂಡು ಸುಮ್ಮನಾದರೆ ಕೆಂಪಿಲ್ಲ. ಕೇಳಿಸಿಕೊಳ್ಳದೆ ಮುಂದುವರಿದರೆ, ನಕ್ಕು ತಳ್ಳಿಹಾಕಿದರೆ, ಮುನಿಸಿಕೊಂಡರೆ, ಕೆಂಪು. ಅವನಿಗೆ ಬಾಗಿಲಿಲ್ಲ.

"ಮೀಸೆ ನೋಡಿ, ಕಣ್ಣು ನೋಡಿ ಮನುಷ್ಯನನ್ನು ಅಳೀತಿದ್ದೆ ನಾನೂ" ಎಂದು ಒಮ್ಮೆ ಕಾರಣ ಹೇಳಿದ್ದರು. ಅವರಿನ್ನೂ ಹೊಸ ಲೆಫ್ಟಿನೆಂಟ್ ಆಗಿದ್ದಾಗ, ಭೇಟಿಯ ಸಮಯ ಮುಗಿದ ಮೇಲೆ ಒಬ್ಬ ವಾರ್ಡಿಗೆ ಬಂದನಂತೆ. ಅಚ್ಚ ಬಿಳಿ ಬಟ್ಟೆ, ಕೈಯಲ್ಲಿ ಟಿಫಿನ್ ಕ್ಯಾರಿಯರ್, ಮುಖದ ತುಂಬ ನಗು. ಈಗ ಬಿಡುವುದಿಲ್ಲ ಎಂದರೆ, "ಎರಡೇ ನಿಮಿಷ ಸಿಸ್ಟರ್, ತಮ್ಮನಿಗೆ ಮನೆ ಊಟ" ಎಂದ. ಮತ್ತೆ ಬೇಡ ಎಂದರೆ ಮತ್ತೆ "ಎರಡೇ ನಿಮಿಷ". ಕರಗಿ ಬಿಟ್ಟರು. ಅವನು ನೇರ ಹೋಗಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ತಮ್ಮನಿಗೆ ಅದೇ ಟಿಫಿನ್ ಕ್ಯಾರಿಯರಿನಿಂದ ಬಾರಿಸಿದ. ಹೊಲದ ಜಗಳ. "ಎರಡು ನಿಮಿಷನೂ ತಗೊಳ್ಳಲಿಲ್ಲ. ಒಂದೂವರೆಯಲ್ಲಿ ಮೂರು ಹಲ್ಲು. ಒಳಗೆ ಪಲ್ಯ ಇತ್ತು ಮಾತ್ರ ನಿಜ" ಎಂದರು ಆಂಟಿ. ಅವತ್ತಿನಿಂದ ಮೀಸೆ ನೋಡುವುದು ಬಿಟ್ಟು ಡೋಸ್ ಕೊಡಲು ಶುರು ಮಾಡಿದ್ದರು.

ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಪಾಡು ಕೇಳಿ. ಜುಲೈ ಸೆಖೆಯಲ್ಲಿ ಫ್ಯಾನು ಕೆಟ್ಟಿತು. ರಿಪೇರಿಗೆ ಬಂದವನಿಗೆ ಆಂಟಿ, ಕುರ್ಚಿ ಮೇಲೆ ಹತ್ತಬೇಡ ಎಂದರು. ಅವನು ಕುರ್ಚಿ ನೋಡಿದ, ಫ್ಯಾನು ನೋಡಿದ, "ಠೀಕ್ ಹೈ ಜೀ" ಎಂದು ಚೀಲ ಹೆಗಲಿಗೇರಿಸಿ ಹೋಗೇಬಿಟ್ಟ. "ಚಿನ್ನದಂಥ ಹುಡುಗ" ಎಂದು ಆಂಟಿ ಎಂಟು ದಿನ ಹೊಗಳಿದರು. ಆ ಎಂಟು ದಿನ ನಾವು ಒದ್ದೆ ಟವೆಲ್ ಹೊದ್ದು ಮಲಗಿದೆವು. ಇನ್ನೊಮ್ಮೆ ಯೂಸುಫ್ ಸರಾಯಿಯಿಂದ ಅಕ್ಕಿ ತರುವಾಗ, ಆಟೋದವನಿಗೆ ರೇಡಿಯೋ ಬೇಡ ಎಂದರು. ಅವನು "ಅರೇ ಆಂಟೀಜೀ, ಅಚ್ಛಾ ಗಾನಾ ಹೈ" ಎಂದು ಸದ್ದು ಇನ್ನೂ ಏರಿಸಿದ. ಕೆಂಪು. ಅಲ್ಲೇ ಆಟೋ ನಿಲ್ಲಿಸಿ ನನ್ನನ್ನೂ ಇಳಿಸಿದರು. ಹತ್ತು ಕಿಲೋ ಅಕ್ಕಿ ಹೊತ್ತು ಮಟಮಟ ಮಧ್ಯಾಹ್ನ ಮನೆವರೆಗೆ ನಡೆದದ್ದು ಯಾರು? ನಾನು. ಆಟೋದವನು ಪಾಪ ಹಾಡು ಕೇಳುತ್ತ ಮನೆಗೆ ಹೋಗಿರುತ್ತಾನೆ.

ಆದರೆ ಪೂರ್ತಿ ನಗುವ ಹಾಗೂ ಇರಲಿಲ್ಲ. ಗ್ಯಾಸ್ ಪೈಪು ನೋಡಬೇಕೆಂದು ಒಬ್ಬ ಬಂದಿದ್ದ, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ನಾಳೆ ಬಾ ಎಂದರು ಆಂಟಿ. ಅವನು ನಗುತ್ತ ಚಪ್ಪಲಿ ಬಿಟ್ಟು ಒಂದು ಕಾಲು ಒಳಗಿಟ್ಟ. ಆಂಟಿ ಆ ಕಾಲು ಇರುವಾಗಲೇ ಬಾಗಿಲು ಹಾಕಿದರು. ಆ ವಾರ ಪಕ್ಕದ ಬ್ಲಾಕಿನಲ್ಲಿ ಪೈಪು ನೋಡಿ ಹೋದವನ ಜೊತೆ ಎರಡು ಸಿಲಿಂಡರೂ ಹೋಗಿದ್ದವು.

ಈ ಪರೀಕ್ಷೆಯಿಂದ ಒಂದೇ ಒಂದು ಪಂಗಡಕ್ಕೆ ವಿನಾಯಿತಿ ಇತ್ತು. ನಮ್ಮವರಿಗೆ, ಅಂದರೆ ಕನ್ನಡದವರಿಗೆ. ಅದಕ್ಕೆ ಕಾರಣ ಪೀತಮ್‌ಪುರದ ನಾರಾಯಣಸ್ವಾಮಿಯವರು. ರೈಲ್ವೆಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿ, ಕನ್ನಡಿಗರ ಒಂದು ಪುಟ್ಟ ಬಳಗ ನಡೆಸುತ್ತಿದ್ದ ಸಾಧು ಮನುಷ್ಯ. ಗ್ಯಾಸ್ ಒಲೆ ಹಚ್ಚುವ ಮೊದಲು ಬರ್ನರಿನ ಮೇಲಿನ ಇರುವೆ ಎತ್ತಿ ಪಕ್ಕಕ್ಕೆ ಬಿಡುವಂಥವರು. ಬಳಗದ ಊಟಕ್ಕೆ ಕರೆಯಲು ಬಂದ ಅವರಿಗೂ ಆಂಟಿ ಒಮ್ಮೆ ಡೋಸ್ ಕೊಟ್ಟು ನೋಡಿದ್ದರು. "ಇಲ್ಲ, ನಾವು ಬರಲ್ಲ" ಎಂದು ನಗುತ್ತ ಹೇಳಿದರೆ, ಅವರು "ಹಾಗಂದ್ರೆ ಹೇಗೆ ಮೇಡಂ, ಬರಲೇಬೇಕು" ಎಂದರು. ಮತ್ತೆ ಇಲ್ಲ ಎಂದರೆ ಮತ್ತೆ ಬರಲೇಬೇಕು. ಏಳು ಸಲ. ಲೆಕ್ಕದ ಪ್ರಕಾರ ನಾರಾಯಣಸ್ವಾಮಿಯವರು ದೆಹಲಿಯ ಅತಿ ಅಪಾಯಕಾರಿ ಮನುಷ್ಯ.

ಆಂಟಿ ಯೋಚಿಸಿ ತೀರ್ಮಾನಕ್ಕೆ ಬಂದರು. "ನಮ್ಮವರಿಗೆ ಈ ಡೋಸ್ ನಡೆಯಲ್ಲ. ನಮ್ಮಲ್ಲಿ ಮೊದಲನೇ ಬೇಡಕ್ಕೆ ಅರ್ಥ ಇಲ್ಲ. ಬೇಡ ಅನ್ನೋದು ಮರ್ಯಾದೆ, ಇನ್ನೊಂದು ಸಲ ಕೇಳೋದು ಇನ್ನೂ ದೊಡ್ಡ ಮರ್ಯಾದೆ. ನಾವೆಲ್ಲ ಹುಟ್ಟುತ್ತಲೇ ಕೆಂಪು."

ಇದನ್ನು ಅವರಿಗಿಂತ ಚೆನ್ನಾಗಿ ಹೇಳುವವರು ಯಾರಿದ್ದರು? ಊಟಕ್ಕೆ ಕೂತರೆ ಆಂಟಿಯ ಕಿವಿ ಮುಚ್ಚಿಹೋಗುತ್ತಿತ್ತು. "ಸಾಕು ಆಂಟಿ" ಎಂದರೆ ಒಂದು ಸೌಟು, "ನಿಜವಾಗ್ಲೂ ಸಾಕು" ಎಂದರೆ ಎರಡು. ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರೆ ಮುಂಗೈ ಮೇಲೆ ತುಪ್ಪ ಬೀಳುತ್ತಿತ್ತು. ಮೊದಲ ಆರು ತಿಂಗಳಲ್ಲಿ ನಾನು ಒಂಬತ್ತು ಕಿಲೋ ದಪ್ಪಗಾದೆ.

ಹೃಷಿಕೇಶ್ ಬಂದದ್ದು ಈ ವಿನಾಯಿತಿಯ ಬಾಗಿಲಿನಿಂದ. ಅಪ್ಪನ ಆಫೀಸಿನ ಸ್ನೇಹಿತರ ಕಡೆಯ ಹುಡುಗ, ಗುಡಗಾಂವಿನ ಕಂಪನಿಯೊಂದರಲ್ಲಿ ಕೆಲಸ, ಬಿಳಿ ಸ್ಯಾಂಟ್ರೋ ಕಾರು. ಅಪ್ಪ ಕಳಿಸಿದ ಚಟ್ನಿಪುಡಿ ಕೊಡಲು ಬಂದ. ಆಂಟಿಗೆ ಬಗ್ಗಿ ನಮಸ್ಕರಿಸಿದ, ಬಡಿಸಿದ್ದನ್ನೆಲ್ಲ ತಿಂದ. "ನಮ್ಮ ಹುಡುಗ" ಎಂದು ಆಂಟಿ ಡಬ್ಬಿ ತುಂಬ ಕಡಂಬುಟ್ಟು ಕಟ್ಟಿಕೊಟ್ಟರು. ಕಡಂಬುಟ್ಟು ಎಂದರೆ ಅಕ್ಕಿತರಿಯನ್ನು ಬೇಯಿಸಿ ಕಟ್ಟುವ ಉಂಡೆ, ಕೊಡಗಿನವರ ಪ್ರಾಣ.

ಮುಂದಿನ ವಾರ ಅವನು ನನ್ನ ಬಸ್ ಸ್ಟಾಪಿನಲ್ಲಿದ್ದ. ಡ್ರಾಪ್ ಕೊಡ್ತೀನಿ ಎಂದ. "ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ" ಎಂದು ನಗುತ್ತ ಹೇಳಿದೆ. "ತೊಂದರೆ ಏನು ಬಂತು" ಎಂದು ಬಾಗಿಲು ತೆಗೆದ. ಆಮೇಲೆ ದಿನಾ ಅಲ್ಲೇ. ಬಿಸಿಲಿನಲ್ಲಿ ಛತ್ರಿ ಹಿಡಿದು ನಿಂತಿರುತ್ತಿದ್ದ. ನಾನು ಕೇಳದೆ ನನ್ನ ಫೋನಿಗೆ ರೀಚಾರ್ಜ್ ಮಾಡಿಸಿದ. ನಾನು ಬಸ್ಸಿನ ಸಮಯ ಬದಲಿಸಿದರೆ ಅವನ ಸಮಯವೂ ಬದಲಾಗುತ್ತಿತ್ತು. ಸಂಸ್ಥೆಯ ಗೇಟಿನವನಿಗೆ ತಾನು ನನ್ನ ಕಸಿನ್ ಎಂದು ಹೇಳಿ ಲೈಬ್ರರಿಯವರೆಗೂ ಬಂದ. ಯಾವಾಗಲೋ "ನೀವು" ಹೋಗಿ "ನೀನು" ಆಯಿತು, ನನ್ನನ್ನು ಕೇಳದೆ. ಏಳು ತಿಂಗಳಲ್ಲಿ ನಾನು ಎಷ್ಟು ಸಲ ಬೇಡ ಎಂದಿದ್ದೇನೋ. ಪ್ರತಿ ಸಲವೂ ನಗುತ್ತ, ಪ್ರತಿ ಸಲವೂ ಒಂದು ಅಯ್ಯೋ ಸೇರಿಸಿ. ಕೊನೆಕೊನೆಗೆ ಬಸ್ ಸ್ಟಾಪ್ ಹತ್ತಿರ ಬಂದರೆ ಕೈ ತಣ್ಣಗಾಗುತ್ತಿತ್ತು. ಹೆದರಿದ್ದೆ. ಆದರೆ ಹೆದರಿದ್ದೇನೆ ಎಂದು ಯಾರಿಗೆ ಹೇಳುವುದು? ಅಪ್ಪನಿಗೆ ಹೇಳಿದರೆ ಅದೇ ಆ ಎಡವಟ್ಟು, ಮರುದಿನವೇ ರೈಲು. ಹೇಳುವುದಕ್ಕಾದರೂ ಏನಿದೆ, ಒಬ್ಬ ಛತ್ರಿ ಹಿಡಿಯುತ್ತಾನೆ ಎನ್ನಲೇ?

ಮಾರ್ಚಿನಲ್ಲಿ ಅಪ್ಪ ಫೋನು ಮಾಡಿದರು. "ಹೃಷಿಕೇಶ್ ಎಲ್ಲಾ ಹೇಳಿದ. ಅಲ್ಲಿ ಗಲಾಟೆ ಏರಿಯಾ ಅಂತೆ. ಗುಡಗಾಂವಲ್ಲಿ ಅವನ ಮನೆ ಎದುರಿಗೇ ಒಂದು ರೂಮ್ ನೋಡಿದ್ದಾನೆ, ಭಾನುವಾರ ಕಾರ್ ತಂದು ಶಿಫ್ಟ್ ಮಾಡಿಸ್ತಾನೆ. ನಾನು ಹೂಂ ಅಂದಿದ್ದೀನಿ." ನಾನು "ಅಯ್ಯೋ, ಬೇಡಾಪ್ಪ, ಸುಮ್ನೆ ಯಾಕೆ" ಎಂದೆ. "ಸಂಕೋಚ ಪಟ್ಕೋಬೇಡ" ಎಂದು ಫೋನಿಟ್ಟರು.

ಶನಿವಾರ ಸಂಜೆ ಆಂಟಿ ನನ್ನ ಬೀಳ್ಕೊಡುಗೆಗೆಂದು ಮೂರು ಬಗೆಯ ಅಡುಗೆಯ ಪಟ್ಟಿ ಮಾಡುತ್ತ ಕೂತಿದ್ದರು. ಹೃಷಿಕೇಶನಿಗೂ ಊಟ ಹೇಳಿದ್ದರಂತೆ. ನನಗೆ ಎಲ್ಲಿತ್ತೋ ಆ ಸಿಟ್ಟು.

"ಫ್ಯಾನ್ ರಿಪೇರಿಯವನಿಗೆ ಡೋಸ್ ಕೊಟ್ರಿ. ನನ್ನ ಪ್ರೊಫೆಸರಿಗೆ ಕೊಟ್ರಿ. ನನ್ನ ತಲೆ ಮೇಲೆ ಹತ್ತು ಕಿಲೋ ಅಕ್ಕಿ ಹೊರಿಸಿದ್ರಿ. ಇವನಿಗೆ ಯಾಕೆ ಕೊಡಲಿಲ್ಲ?"

"ಅವನು ನಮ್ಮವನಲ್ವಾ" ಎಂದರು ಆಂಟಿ.

"ಆಂಟಿ, ನಾನು ಏಳು ತಿಂಗಳಿಂದ ಬೇಡ ಅಂತಿದ್ದೀನಿ" ಎಂದು ಎಲ್ಲವನ್ನೂ ಹೇಳಿದೆ. ಬಸ್ ಸ್ಟಾಪು, ಛತ್ರಿ, ಲೈಬ್ರರಿ, ತಣ್ಣಗಾಗುವ ಕೈ.

ಆಂಟಿಯ ಪೆನ್ನು ನಿಂತಿತು. ಪಟ್ಟಿ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ವಾರ್ಡಿನಲ್ಲಿ ಕೇಳುವ ಹಾಗೆ ಕೇಳಿದರು. "ಹೇಗೆ ಅಂದೆ ಬೇಡ? ಈಗ ಅನ್ನು ನೋಡೋಣ."

"ಅಯ್ಯೋ ಬೇಡ" ಎಂದೆ. ನಗು ತಾನಾಗಿಯೇ ಬಂತು.

"ಅಚ್ಛಾ. ಇದು ಡೋಸ್ ಅಲ್ಲ, ಸಕ್ಕರೆ ನೀರು" ಎಂದರು. "ನಾನೂ ನಾರಾಯಣಸ್ವಾಮಿಗೆ ಕೊಟ್ಟಿದ್ದು ಇದನ್ನೇ. ತಪ್ಪು ನಮ್ಮವರದ್ದಲ್ಲ, ನನ್ನ ಸಿರಿಂಜಿನದ್ದು. ನಗು ಇಲ್ಲ, ಅಯ್ಯೋ ಇಲ್ಲ, ಕಾರಣ ಇಲ್ಲ. ಬರೀ ಬೇಡ. ಚಲೋ, ಅಭ್ಯಾಸ ಮಾಡು."

ಹಂಸಿನಿ ನನ್ನ ದುಪಟ್ಟಾವನ್ನು ಟೈಯಂತೆ ಕಟ್ಟಿಕೊಂಡು, ಲಟ್ಟಣಿಗೆಯನ್ನು ಛತ್ರಿ ಮಾಡಿಕೊಂಡು ಹೃಷಿಕೇಶ್ ಆದಳು. "ಲೀಲಾ, ಡ್ರಾಪ್ ಕೊಡ್ತೀನಿ, ಚಲೋ ನಾ." ನಾನು ಬೇಡ ಎಂದೆ, ತಕ್ಷಣ "ಅಂದ್ರೆ, ಏನಿಲ್ಲ, ಸ್ವಲ್ಪ ಕೆಲಸ ಇತ್ತು" ಎಂದು ಸೇರಿಸಿದೆ. ಎರಡನೇ ಸಲ "ಬೇಡ, ಥ್ಯಾಂಕ್ಸ್, ಸಾರಿ" ಎಂದೆ. ಐದನೇ ಸಲ ಹಂಸಿನಿ ಎಷ್ಟು ಚೆನ್ನಾಗಿ ಒತ್ತಾಯಿಸಿದಳೆಂದರೆ ನಾನು ಸರಿ ಎಂದು ಒಪ್ಪಿಕೊಂಡುಬಿಟ್ಟೆ. "ಅರೇ ಯಾರ್, ನೀನು ನಿಜವಾಗ್ಲೂ ಹತ್ತಿಬಿಟ್ಟೆ ಗಾಡೀ ಮೇಂ" ಎಂದು ಅವಳು ಲಟ್ಟಣಿಗೆ ಎಸೆದಳು. ಇಪ್ಪತ್ತು ಸಲವಾದರೂ ಮಾಡಿಸಿರಬೇಕು. ಕೊನೆಗೊಮ್ಮೆ ಸುಸ್ತಿಗೋ ಏನೋ, ನನ್ನ ಬಾಯಿಂದ ಬರೀ "ಬೇಡ" ಬಂತು. ಅದೊಂದನ್ನೇ ಹೇಳಿ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಇಪ್ಪತ್ತಮೂರು ವರ್ಷ ಯಾರೂ ಹೇಳಿರಲಿಲ್ಲ.

ಹೊಸ ಸಿರಿಂಜನ್ನು ಮೊದಲು ಆರೋಗ್ಯವಂತರ ಮೇಲೆ ನೋಡಬೇಕೆಂದರು ಆಂಟಿ. ಯುಗಾದಿ ಊಟಕ್ಕೆ ಕರೆಯಲು ನಾರಾಯಣಸ್ವಾಮಿಯವರು ಭಾನುವಾರ ಬೆಳಿಗ್ಗೆ ಬರುವವರಿದ್ದರು. ಬಂದರು. ಎಂದಿನಂತೆ ಕಾರ್ಡು ನೀಡಿ "ಬರಲೇಬೇಕಮ್ಮ" ಎಂದರು.

"ಬೇಡ. ನಾನು ಬರಲ್ಲ" ಎಂದೆ. ನಗಲಿಲ್ಲ.

ಪಾಪ, ಅವರ ಕೈ ಗಾಳಿಯಲ್ಲೇ ನಿಂತಿತು. ನನ್ನ ಮುಖ ನೋಡಿದರು. ಕಾರ್ಡನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, "ಆಗಲಮ್ಮ. ಮೈ ಹುಷಾರಾಗಿದೆ ತಾನೆ?" ಎಂದರು. ಅಷ್ಟೇ. ಎಂಟನೇ "ಬರಲೇಬೇಕು" ಬರಲಿಲ್ಲ, ಎರಡನೆಯದೂ ಬರಲಿಲ್ಲ. ಆಂಟಿ ಅಡುಗೆಮನೆಯಿಂದ ಇಣುಕಿ ನನಗೆ ಮಾತ್ರ ಕಾಣುವಂತೆ ತಲೆಯಾಡಿಸಿದರು. ನೊಂದ ಮನುಷ್ಯನನ್ನು ಹಾಗೇ ಕಳಿಸಲಾಗದೆ ಊಟಕ್ಕೆ ಉಳಿಸಿಕೊಂಡೆವು. ಅವರು ಮೂಲೆಯ ಕುರ್ಚಿಯಲ್ಲಿ, ತಾವು ಏನು ತಪ್ಪು ಮಾಡಿದೆವೆಂದು ಯೋಚಿಸುತ್ತ ಕೂತರು.

ಹನ್ನೆರಡೂವರೆಗೆ ಹೃಷಿಕೇಶ್ ಬಂದ. "ಪ್ಯಾಕಿಂಗ್ ಆಯ್ತಾ?" ಎಂದವನೇ ನನ್ನ ಟ್ರಂಕಿನ ಹಿಡಿಕೆಗೆ ಕೈ ಹಾಕಿದ.

"ಬೇಡ. ನಾನು ಮನೆ ಬದಲಾಯಿಸಲ್ಲ."

"ಅಯ್ಯೋ, ಸಂಕೋಚ ಯಾಕೆ" ಎಂದು ನಕ್ಕು ಟ್ರಂಕ್ ಎತ್ತಿದ.

"ಬೇಡ" ಎಂದೆ.

"ಹುಡುಗೀರು ಹೀಗೇ, ಅಲ್ವಾ ಆಂಟಿ?" ಎಂದ. ಆಂಟಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಅವನನ್ನೇ ನೋಡುತ್ತಿದ್ದರು.

"ಬೇಡ ಹೃಷಿಕೇಶ್. ಟ್ರಂಕ್ ಕೆಳಗಿಡಿ" ಎಂದೆ.

ಆಗ ಆ ನಗು ಮುಖದಿಂದ ಹೋಯಿತು. ಟ್ರಂಕನ್ನು ಧಡ್ಡನೆ ಇಟ್ಟು, ನಾನು ಆಚೆ ದಾಟದ ಹಾಗೆ ಬಾಗಿಲಿಗೆ ಅಡ್ಡ ನಿಂತು, ತಗ್ಗಿದ ದನಿಯಲ್ಲಿ ಹೇಳಿದ. "ನಿನ್ನನ್ನ ಕೇಳಿದ್ದು ಯಾರು? ನಿಮ್ಮಪ್ಪ ಒಪ್ಪಿ ಆಗಿದೆ. ಏಳು ತಿಂಗಳು ನಿನ್ನ ಹಿಂದೆ ಅಲೆದಿದ್ದೀನಿ ನಾನು. ಸುಮ್ನೆ ನಡಿ." ಆ ರೂಮು, ಅವನ ಕಿಟಕಿಯ ಎದುರಿನ ಆ ರೂಮು ಕಣ್ಣಮುಂದೆ ಬಂತು. ನಾರಾಯಣಸ್ವಾಮಿಯವರು ಎದ್ದು ನಿಂತಿದ್ದರು.

"ಕೂತ್ಕೋ" ಎಂದರು ಬೋಜಮ್ಮ ಆಂಟಿ.

ಅದು ಮೂವತ್ತು ವರ್ಷ ಸಿಪಾಯಿಗಳನ್ನು ಮಂಚಕ್ಕೆ ಮಲಗಿಸಿದ ದನಿ. ಅವನು ಕೂತ. ಯಾಕೆ ಕೂತೆನೆಂದು ಅವನಿಗೂ ಗೊತ್ತಾಗಿರಲಿಕ್ಕಿಲ್ಲ. ಆಂಟಿ ಅವನ ಮುಂದೆ ತಟ್ಟೆ ಇಟ್ಟು ಎರಡು ಕಡಂಬುಟ್ಟು ಹಾಕಿ, ಅಣಬೆ ಸಾರು ಬಡಿಸಿದರು. "ಊಟಕ್ಕೆ ಕರೆದಿದ್ದೆನಲ್ಲ. ತಿನ್ನು." ಮುಖ ಗಂಟಿಕ್ಕಿಕೊಂಡು ತಿಂದ. ಆಂಟಿ ಇನ್ನೆರಡು ಹಾಕಿದರು.

"ಸಾಕು ಆಂಟಿ."

"ಅಯ್ಯೋ, ಸಂಕೋಚ ಯಾಕೆ" ಎಂದು ಇನ್ನೆರಡು.

"ನಿಜವಾಗ್ಲೂ ಬೇಡ."

"ಹುಡುಗರು ಹೀಗೇ, ಅಲ್ವಾ ನಾರಾಯಣಸ್ವಾಮಿ?" ಎಂದು ಮತ್ತೆರಡು. ನಾರಾಯಣಸ್ವಾಮಿಯವರು ಏನೂ ಅರ್ಥವಾಗದೆ "ಹೌದು ಮೇಡಂ" ಎಂದರು. ಅವನು ಕೈ ಅಡ್ಡ ಹಿಡಿದ. ಕುದಿಯುವ ಸಾರು ಕೈಮೇಲೆ ಬೀಳುವ ಅಂದಾಜಿಗೆ ಸೌಟು ಬಂದಾಗ ತೆಗೆದ. ಏಳಲು ಹೋದ, ಆಂಟಿ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ತಟ್ಟೆಯಲ್ಲಿ ಹತ್ತಾಯಿತು, ಹನ್ನೆರಡಾಯಿತು, ಉಂಡೆಗಳು ಉರುಳಿ ಮೇಜಿನ ಮೇಲೆ ಬಿದ್ದವು. ಹಂಸಿನಿ ಬಿದ್ದದ್ದನ್ನು ಹೆಕ್ಕಿ ಮತ್ತೆ ಅವನ ತಟ್ಟೆಗೇ ಹಾಕುತ್ತಿದ್ದಳು.

"ಬೇಡ ಅಂದ್ರೆ ಬೇಡ!" ಎಂದು ಅವನು ಕಿರುಚಿದ. "ಕನ್ನಡ ಅರ್ಥ ಆಗಲ್ವಾ ನಿಮಗೆ?"

ಆಂಟಿ ಸೌಟು ಪಾತ್ರೆಯೊಳಗಿಟ್ಟರು. "ನನಗೆ ಆಯ್ತು. ನಿನಗೆ?"

ಅವನು ಎದ್ದ. ಕೈ ಕೂಡ ತೊಳೆಯಲಿಲ್ಲ. "ಅಂಕಲ್ ಹತ್ತಿರಾನೇ ಮಾತಾಡ್ತೀನಿ" ಎಂದು ಫೋನು ತೆಗೆದುಕೊಂಡೇ ಮೆಟ್ಟಿಲಿಳಿದ. ಬಾಗಿಲು ಹಾಕಿದ ಮೇಲೆ ನಾನು ಅಲ್ಲೇ ನೆಲದ ಮೇಲೆ ಕೂತೆ. ಆಂಟಿ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಟ್ರಂಕಿನ ಮೇಲೆ ಕೂತು ತಮ್ಮ ಕೈ ನೋಡಿಕೊಂಡರು.

"ಲೀಲಾ, ನೀನೂ ನನಗೆ ದಿನಾ ಸಾಕು ಅಂತಿದ್ದೆ" ಎಂದರು.

"ನಿಮ್ಮದು ಬೇರೆ ಆಂಟಿ."

"ಬೇರೆ ಹೌದು. ಆದ್ರೂ ಕೇಳಿಸ್ಕೋಬೇಕಿತ್ತು. ನಾನು ಕೇಳಿಸ್ಕೊಳ್ಳದೆ ಇದ್ದು ಇದ್ದು, ನಮ್ಮಲ್ಲಿ ಹಾಗೇ ಅಂತ ಅವನನ್ನೂ ಒಳಗೆ ಬಿಟ್ಟೆ" ಎಂದರು. ಮೇಜರ್ ಸಾಬ್ ಅತ್ತದ್ದನ್ನು ನೋಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವತ್ತೂ ಅಳಲಿಲ್ಲ, ಎದ್ದು ಫೋನಿನ ಹತ್ತಿರ ಹೋದರು. "ಅವನು ಮೊದಲು ಹೇಳಿಬಿಡ್ತಾನೆ. ನಿಮ್ಮಪ್ಪನಿಗೆ ಫೋನ್ ಮಾಡು."

ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ, ಮತ್ತೆ ಎಂಗೇಜ್. ನನ್ನ ಎಂ.ಟೆಕ್ಕು ಆ ಕುಯ್ ಕುಯ್ ಸದ್ದಿನಲ್ಲಿ ಮುಗಿದುಹೋಗುತ್ತಿರುವುದು ನನಗೆ ಕೇಳಿಸುತ್ತಿತ್ತು. ಆರನೇ ಸಲಕ್ಕೆ ಅಪ್ಪ ಎತ್ತಿದರು, ಹಲೋ ಎನ್ನುವ ಮೊದಲೇ ಶುರುಮಾಡಿದರು. "ಏನಿದು ಲೀಲಾ? ಮನೆಗೆ ಬಂದ ಹುಡುಗನಿಗೆ ಅವಮಾನ ಮಾಡಿ ಕಳಿಸಿದ್ರಂತೆ. ಆ ಮುದುಕಿಗೆ ತಲೆ ಕೆಟ್ಟಿದೆಯಂತೆ. ಇನ್ನು ಅಲ್ಲಿ ಒಂದು ದಿನ ಇರೋದು ಬೇಡ. ಒಂದೋ ಅವನು ಹೇಳಿದ ರೂಮಿಗೆ ಹೋಗು, ಇಲ್ಲಾ ನಾಳೆ ರೈಲು ಹತ್ತು."

ಬಾಯಿಗೆ "ಅಯ್ಯೋ ಅಪ್ಪ, ಹಾಗಲ್ಲ" ಎಂದು ಬಂದಿತ್ತು. ನುಂಗಿದೆ. ಅಪ್ಪನಿಗೆ ನಗದೆ, ಕಾರಣ ಕೊಡದೆ ನಾನು ಯಾವತ್ತೂ ಮಾತಾಡಿದ್ದೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ.

"ಎರಡೂ ಬೇಡ ಅಪ್ಪ" ಎಂದೆ.

ನಾನು ಏನೂ ಸೇರಿಸಲಿಲ್ಲ. ಆಂಟಿ ನನ್ನ ಪಕ್ಕದಲ್ಲೇ ನಿಂತಿದ್ದರು, ಹಂಸಿನಿ ನನ್ನ ಕುರ್ತಾದ ಅಂಚು ಹಿಡಿದಿದ್ದಳು. ನಾರಾಯಣಸ್ವಾಮಿಯವರು ಇನ್ನೂ ನಿಂತೇ ಇದ್ದರು. ಹಾಸನದಲ್ಲಿ ಅಪ್ಪನ ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಅವನಿಗೂ ಹೀಗೇ ಹೇಳಿದ್ಯಾ?" ಎಂದರು ಕೊನೆಗೆ. ದನಿ ಬೇರೆಯಾಗಿತ್ತು.

"ಹೂಂ. ಮೂರು ಸಲ."

"ಕೇಳಲಿಲ್ವಾ?"

"ಇಲ್ಲ. ಬಾಗಿಲಿಗೆ ಅಡ್ಡ ನಿಂತ."

ಅಪ್ಪ ಉಸಿರು ಬಿಟ್ಟದ್ದು ಎರಡು ಸಾವಿರ ಕಿಲೋಮೀಟರ್ ದಾಟಿ ಬಂತು.

"ಆಯ್ತು" ಎಂದರು. "ನೀನು ಅಲ್ಲೇ ಇರು. ಅವನಿಗೆ ನಾನು ಹೇಳ್ತೀನಿ." ಸ್ವಲ್ಪ ತಡೆದು ಕೇಳಿದರು. "ಊಟ ಆಯ್ತಾ?"

ಆಗಿಲ್ಲ ಅಪ್ಪ, ಎಂದು ನಾನು ಜೋರಾಗಿ ಅಳತೊಡಗಿದೆ.